ಅರಿಸಿನ ಹತ್ತದ ಸುರಗಿ ನೂಲು

ನಾನು ಸಿಲಿಕಾನಿನ ಪಾಲಿಮರುಗಳಿಂದ ತೆಳುವಾದ ವಿದ್ಯುತ್ ನಿರೋಧಕ ಪದರಗಳನ್ನು ತಯಾರಿಸುವ ವಿಷಯದಲ್ಲಿ ಸಂಶೋಧನೆ ಮಾಡಿದವನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಏಕೆಂದರೆ ಜಮಖಂಡಿಯ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದು ಇಷ್ಟು ವರ್ಷವಾದರೂ ಯಾರೂ ಕೇಳಿಲ್ಲ. ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ನಮ್ಮ ಬೋರಿನ ನೀರು ಕುಡಿಯಬಹುದೇ, ನಮ್ಮ ಹುಡುಗನಿಗೆ ಟ್ಯೂಷನ್ ಹೇಳುತ್ತೀರಾ.

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶೈಲಾ ಮಾತ್ರ ಒಮ್ಮೆ ಆಸಕ್ತಿ ತೋರಿಸಿದ್ದಳು. ನಾನು ಅರ್ಧ ತಾಸು ವಿವರಿಸಿದೆ. ಆಕೆ ಪೂರ್ತಿ ಕೇಳಿ, "ಇದರಿಂದ ಮನಿಗೆ ಏನ್ ಉಪಯೋಗ್ರಿ?" ಎಂದಳು. ಅಂದಿನಿಂದ ನಾನು ಆ ಪ್ರಶ್ನೆಗೆ ತಕ್ಕ ಉತ್ತರ ಕೊಡುವ ಅವಕಾಶಕ್ಕಾಗಿ ಕಾಯುತ್ತಲೇ ಇದ್ದೆ.

ಅವಕಾಶ ಬಂದದ್ದು ಬನಹಟ್ಟಿಯಲ್ಲಿ, ಮಾವನ ಮನೆಯಲ್ಲಿ. ಮುಂದೆ ಮನೆ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳು. ಅವು ಓಡುವಾಗ ಮನೆಯವರೆಲ್ಲ ಕೂಗಿಯೇ ಮಾತಾಡಬೇಕು. ನಿಂತ ಮೇಲೂ ಅದೇ ರೂಢಿ. ನನ್ನ ಮಾವ ಗುಟ್ಟು ಹೇಳಿದರೆ ಮೂರನೆಯ ಓಣಿಗೆ ಕೇಳುತ್ತದೆ.

ಆ ಮನೆಯಲ್ಲಿ ನನ್ನ ನಾದಿನಿ ನೀಲಾಳ ಮದುವೆ ಗೊತ್ತಾಗಿತ್ತು. ಇದರ ಹಿಂದೆ ಒಂದು ಕಹಿ ಕಥೆಯಿದೆ. ಹೋದ ವರ್ಷ ಅವಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ನಿಶ್ಚಯದ ದಿನ ಶೆಡ್ಡಿನ ಫ್ಯಾನಿನ ಗಾಳಿಗೆ ದೇವರ ಮುಂದಿನ ದೀಪ ಆರಿತು. ಶಕುನ ಸರಿಯಿಲ್ಲವೆಂದು ಗಂಡಿನ ಕಡೆಯವರು ಎದ್ದು ಹೋದರು. ಹೋಳಿಗೆ ಉಂಡಾದ ಮೇಲೆಯೇ ಎದ್ದರು, ಅದು ಬೇರೆ ಮಾತು. ಮಗ್ಗದ ಸದ್ದಿನ ಮೇಲೂ ಕೇಳುವಂತೆ ಹಾಡುತ್ತ ಮನೆ ತುಂಬ ಓಡಾಡುತ್ತಿದ್ದ ಹುಡುಗಿ ಆಮೇಲೆ ಬಾಯಿ ಮುಚ್ಚಿಕೊಂಡುಬಿಟ್ಟಳು.

ಈಗ ಮುಧೋಳದ ಸಂಬಂಧ. ಹುಡುಗ ಒಳ್ಳೆಯವನು, ಬ್ಯಾಂಕಿನಲ್ಲಿ ನೌಕರಿ. ನೀಲಾ ಮತ್ತೆ ಫೋನ್ ಹಿಡಿದು ನಗತೊಡಗಿದ್ದಳು. ತೊಡಕು ಒಂದೇ, ಹುಡುಗನ ಸೋದರತ್ತೆ ಬಸವ್ವ. ತಾಯಿಯಿಲ್ಲದ ಹುಡುಗನನ್ನು ಸಾಕಿ ಬೆಳೆಸಿದವಳು ಆಕೆ. ಆ ಮನೆಯಲ್ಲಿ ಆಕೆಯ ಮಾತೇ ಕೊನೆ. ಶಕುನ ನೋಡುವುದರಲ್ಲಿ ಆಕೆ ಎಷ್ಟು ನಿಷ್ಠುರಳೆಂದರೆ, ಹೆಣ್ಣು ನೋಡಲು ಬಂದಾಗ ಯಾರೋ ಸೀನಿದ್ದಕ್ಕೆ ಇಡೀ ದಿಬ್ಬಣವನ್ನು ಬಸ್‌ಸ್ಟ್ಯಾಂಡಿನವರೆಗೆ ವಾಪಸ್ ಕರೆದೊಯ್ದು, ಚಾ ಕುಡಿಸಿ, ಮತ್ತೆ ಮೊದಲಿನಿಂದ ಕರೆತಂದಿದ್ದಳು. ಸೀನಿದವನು ನಾನೇ.

"ಈ ಸಲ ಏನೂ ಹೆಚ್ಚು ಕಡಿಮಿ ಆಗಬಾರದ್ರಿ ಅಳಿಯಂದ್ರ," ಎಂದರು ಮಾವ, ಮೂರನೆಯ ಓಣಿಗೆ ಕೇಳುವಂತೆ. "ಈ ಹುಡುಗಿ ಮುಖ ಮತ್ತ ಬಾಡಿದ್ರ ನನ್ನ ಕಡಿಂದ ನೋಡೂದಾಗೂದಿಲ್ಲ."

ಅವರ ಚಿಂತೆಗೆ ತಕ್ಷಣದ ಕಾರಣ ಶೆಡ್ಡಿನ ಸ್ವಿಚ್ಚು. ಹಳೆಯ ಕಾಲದ ದೊಡ್ಡ ಡಬ್ಬಿ, ಅದಕ್ಕೊಂದು ದುಂಡನೆಯ ಹಿಡಿಕೆ. ಮಳೆಗಾಲದ ತಂಪಿಗೆ ಅದನ್ನು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಮನೆಯವರಿಗೆ ಅದು ರೂಢಿಯಾಗಿ, ಜುಮ್ಮೆನ್ನದ ದಿನ ಕರೆಂಟಿಲ್ಲವೆಂದು ತಿಳಿಯುತ್ತಿದ್ದರು. ಆದರೆ ಬೀಗರಿಗೆ ಆ ರೂಢಿ ಇರಲಿಲ್ಲವಲ್ಲ.

"ಬಸವ್ವಕ್ಕ ಮಗ್ಗ ನೋಡ್ತೀನಿ ಅಂತ ಬಂದು ಅದನ್ನ ಮುಟ್ಟಿದಳಂದ್ರ ಮುಗೀತ ಕಥಿ," ಎಂದರು ಮಾವ.

"ಎಲೆಕ್ಟ್ರಿಶಿಯನ್ನಗ ಹೇಳಿ ಡಬ್ಬಿ ಬದಲಿ ಮಾಡ್ಸಿದ್ರ ಆತಪಾ," ಎಂದಳು ಶೈಲಾ.

ನನ್ನೊಳಗೆ ಏನೋ ಎದ್ದು ನಿಂತಿತು. "ಮಾವಾರ, ಡಬ್ಬಿ ಬದಲಿ ಮಾಡೂದು ಯಾರಿಗೂ ಬರ್ತೈತಿ. ನಾ ಇರೋ ಹಿಡಿಕಿಗೇ ಒಂದು ಪದರ ಕೊಡ್ತೀನಿ. ಕಣ್ಣಿಗೆ ಕಾಣೂದಿಲ್ಲ, ಕರೆಂಟ್ ದಾಟೂದಿಲ್ಲ, ನೀರು ನಿಲ್ಲೂದಿಲ್ಲ," ಎಂದೆ. ಮಾವ ಗೌರವದಿಂದ ನೋಡಿದರು. ಶೈಲಾ ಹಣೆ ಮುಟ್ಟಿಕೊಂಡಳು.

ಜಮಖಂಡಿಗೆ ಮರಳಿ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಶುರುಮಾಡಿದೆ. ಸಿಲಿಕಾನಿಗೆ ಕ್ಲೋರಿನ್ ಅಂಟಿಕೊಂಡಿರುವ ಒಂದು ದ್ರವವನ್ನು ನೀರಿಗೆ ಹನಿಹನಿಯಾಗಿ ಬಿಡಬೇಕು. ಕ್ಲೋರಿನ್ ಕೈಬಿಟ್ಟು ಆಮ್ಲದ ಹೊಗೆಯಾಗಿ ಹೊರಡುತ್ತದೆ. ಸಿಲಿಕಾನು ಆಮ್ಲಜನಕದ ಕೈ ಹಿಡಿಯುತ್ತದೆ, ಆಮ್ಲಜನಕ ಮುಂದಿನ ಸಿಲಿಕಾನಿನ ಕೈ ಹಿಡಿಯುತ್ತದೆ. ಹೀಗೆ ಉದ್ದಕ್ಕೂ ಸರಪಳಿ. ಹೊಗೆ ಹೊರಗೆ ಹೋಗಲು ಯಂತ್ರವಿದೆ, ಅದು ನಾನು ಬರುವ ಮೊದಲೇ ಕೆಟ್ಟಿತ್ತು. ಹೊಗೆ ತಾನೇ ದಾರಿ ಹುಡುಕಿಕೊಂಡು ಪಕ್ಕದ ತರಗತಿಗೆ ಹೋಯಿತು. ಅಲ್ಲಿ ಕನ್ನಡದ ಅಧ್ಯಾಪಕರು ಕರುಣರಸದ ಪಾಠ ಮಾಡುತ್ತಿದ್ದರು. ಇಡೀ ತರಗತಿ ಕಣ್ಣೀರಿಟ್ಟಿತು. ತಮ್ಮ ಪಾಠಕ್ಕೆ ಹುಡುಗರು ಹೀಗೆ ಕರಗಿದ್ದು ಇದೇ ಮೊದಲೆಂದು ಅವರು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಚಾ ತರಿಸಿದರು. ನಾನೂ ಕುಡಿದೆ.

ತಯಾರಾದ ದ್ರವವನ್ನು ತೊಳೆದು, ಬೇರ್ಪಡಿಸಿ, ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿಕೊಂಡು, ಮದುವೆಯ ಹಿಂದಿನ ವಾರ ಬನಹಟ್ಟಿಗೆ ಹೋದೆ. ಮಾವ ಕ್ಯಾನು ಅಲುಗಾಡಿಸಿ, "ಏನ್ರಿ ಇದು, ಒಳ್ಳೆಣ್ಣಿ ಇದ್ದಂಗೈತಿ," ಎಂದರು.

"ಇದು ಉಸುಕಿನ ವಂಶದ್ದು, ಮಾವಾರ. ಸಿಲಿಕಾನು, ಆಮ್ಲಜನಕ, ಸಿಲಿಕಾನು, ಆಮ್ಲಜನಕ, ಹಿಂಗ ಉದ್ದಕ ಎಳಿ. ಒಣಗಿಸಿ ಕಾಸಿದ್ರ ಎಳಿಗೆ ಎಳಿ ಅಡ್ಡ ಕೂಡಿ ನಿಮ್ಮ ಹಾಸು ಹೊಕ್ಕಿನಂಗ ಬಟ್ಟಿ ಆಗ್ತೈತಿ. ಆ ಬಟ್ಟಿ ಕೂದಲಕಿಂತ ತೆಳಗ."

"ಅಷ್ಟ ತೆಳಗಿನ ಬಟ್ಟಿ ನೇಯ್ದ್ರ ಯಾರ ತಗೋತಾರ್ರಿ," ಎಂದರು ಮಾವ.

ಪದರ ಸಮವಾಗಿ ಕೂರಬೇಕೆಂದರೆ ವಸ್ತುವಿನ ಮೇಲೆ ದ್ರವದ ಹನಿ ಬಿಟ್ಟು, ಅದನ್ನು ಗರಗರನೆ ತಿರುಗಿಸಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯಗಳಲ್ಲಿ ಬೆಲೆಬಾಳುವ ಯಂತ್ರವಿರುತ್ತದೆ. ನನ್ನ ಕಣ್ಣು ಶೆಡ್ಡಿನ ಮೂಲೆಯಲ್ಲಿದ್ದ ಕಂಡಿಕೆ ಸುತ್ತುವ ಯಂತ್ರದ ಮೇಲೆ ಬಿತ್ತು. ಲಾಳಿಯೊಳಗಿಡುವ ಪುಟ್ಟ ಕಡ್ಡಿಗೆ ನೂಲು ಸುತ್ತುವ ಆ ಯಂತ್ರ ತಿರುಗುವ ವೇಗ ನೋಡಿದರೆ ಯಾವ ವಿಜ್ಞಾನಿಯ ಬಾಯಲ್ಲೂ ನೀರೂರಬೇಕು. ಹಿಡಿಕೆಯನ್ನು ಬಿಚ್ಚಿ ಅದಕ್ಕೆ ಸಿಕ್ಕಿಸಿದೆ. ದ್ರವ ಸುರಿದೆ. ಗುಂಡಿ ಒತ್ತಿದೆ.

ತಿರುಗುವ ವಸ್ತುವಿನಿಂದ ಹೆಚ್ಚಿನ ದ್ರವ ಸುತ್ತಲೂ ಸಿಡಿಯುತ್ತದೆ. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳುವುದು ಬೇರೆ, ಎದುರಿಗೆ ನಿಲ್ಲುವುದು ಬೇರೆ ಎಂದು ಅಂದು ತಿಳಿಯಿತು. ಕಿವಿಯಿಂದ ಅಂಗಿಯ ತುದಿಯವರೆಗೆ ತೊಯ್ದುಹೋದೆ. ಗಾಬರಿಯಿಂದ ಹಿಂದೆ ಸರಿದಾಗ ಮೊಣಕೈ ತಗಲಿ ಕ್ಯಾನು ಉರುಳಿತು. ಪಕ್ಕದ ಕಟ್ಟೆಯ ಮೇಲೆ ಬಾಳೆಎಲೆಯಲ್ಲಿ ಇಟ್ಟಿದ್ದ ಬಿಳಿ ನೂಲಿನ ಒಂದು ಲಡಿ ಅದರಲ್ಲಿ ಚೆನ್ನಾಗಿ ನೆನೆಯಿತು.

ನೇಕಾರರ ಮನೆಯಲ್ಲಿ ನೂಲು ಹಾಳುಮಾಡಬಾರದೆಂಬ ಜವಾಬ್ದಾರಿ ನನಗಿದೆ. ಲಡಿಯನ್ನು ಜೋಪಾನವಾಗಿ ಹಿಂಡಿ, ಮಳೆ ಬಿಟ್ಟ ಬಿಸಿಲಿಗೆ ಕಾದ ಶೆಡ್ಡಿನ ತಗಡಿನ ಮೇಲೆ ಹರವಿದೆ. ಸಂಜೆಗೆ ಪೂರ್ತಿ ಒಣಗಿತು. ಮೊದಲಿಗಿಂತ ಬೆಳ್ಳಗೆ, ಮೊದಲಿಗಿಂತ ಮೆತ್ತಗೆ. ಅದನ್ನು ಅದೇ ಎಲೆಯಲ್ಲಿ ಅದೇ ಜಾಗದಲ್ಲಿ ಇಟ್ಟೆ. ಬಿಸಿಲಿನ ಕಾವಿಗೆ ಪದರ ಗಟ್ಟಿಯಾಗುತ್ತದೆಂಬುದನ್ನು ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಆದರೆ ಎಲೆಯಲ್ಲಿಟ್ಟ ನೂಲಿಗೂ ಮೂರನೆಯ ಅಧ್ಯಾಯಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ.

ಹಿಡಿಕೆಯನ್ನು ಮಾತ್ರ ಶಾಸ್ತ್ರೋಕ್ತವಾಗಿ ಅತ್ತೆಯವರ ರೊಟ್ಟಿ ಹಂಚಿನ ಮೇಲೆ ಕಾಸಿದೆ. ಅಂದು ಅತ್ತೆ ಬಡಿದು ಹಾಕಿದ ಮೊದಲ ರೊಟ್ಟಿ ಹಂಚಿನ ಮೇಲೆ ನಿಲ್ಲದೆ ಸರ್ರನೆ ಜಾರಿ ಒಲೆಯ ಆಚೆ ಬಿತ್ತು. ಎರಡನೆಯದೂ ಅದನ್ನೇ ಅನುಸರಿಸಿತು.

"ಶೈಲಾ, ನಿನ್ನ ಗಂಡ ಹಂಚಿಗೆ ಏನ ಮಾಡ್ಯಾನ ಬೇ," ಎಂದು ಅತ್ತೆ ಒಳಗಿನಿಂದ ಕೇಳಿದ್ದು ನನಗೂ ಕೇಳಿಸಿತು, ಮೂರನೆಯ ಓಣಿಗೂ ಕೇಳಿಸಿರಬೇಕು.

ಮರುದಿನ ಹಿಡಿಕೆಯನ್ನು ಡಬ್ಬಿಗೆ ಕೂರಿಸಿದೆ. ಮೀಟರ್ ಹಚ್ಚಿ ನೋಡಿದೆ. ಎಳ್ಳಷ್ಟೂ ಕರೆಂಟು ಹೊರಬರುತ್ತಿರಲಿಲ್ಲ. ನಾನು ಪಕ್ಕಕ್ಕೆ ಸರಿದು ಮಾವನಿಗೆ ಉದ್ಘಾಟನೆಯ ಗೌರವ ಬಿಟ್ಟುಕೊಟ್ಟೆ. ಮಾವ ಹಿಡಿದರು, ಕೈ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಟವೆಲ್ ಸುತ್ತಿ ಹಿಡಿದರು, ಟವೆಲ್ಲೇ ಜಾರಿತು. ಮಧ್ಯಾಹ್ನದವರೆಗೆ ಮಗ್ಗ ಶುರುವಾಗಲಿಲ್ಲ. ಕೊನೆಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿದ ಮೇಲೆ ಹಿಡಿಕೆ ಮಾತು ಕೇಳಿತು. ರಬ್ಬರೂ ವಿದ್ಯುತ್ ನಿರೋಧಕವೇ ಎಂಬುದನ್ನು ಆಗ ನೆನಪಿಸುವ ಅಗತ್ಯ ಯಾರಿಗೂ ಇರಲಿಲ್ಲ. ಶೈಲಾ ನೆನಪಿಸಿದಳು.

ಮಾವ ಮಾತ್ರ ದೊಡ್ಡ ಮನಸ್ಸಿನವರು. "ಶಾಕ್ ಅಂತೂ ಹೊಡಿಯೂದಿಲ್ಲ ಬಿಡ್ರಿ. ಹಿಡಿಯಾಕ ಬಂದ್ರಲ್ಲ ಹೊಡಿಯೂದು," ಎಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಮನುಷ್ಯರ ಸಾಲಿನಲ್ಲಿ ಉಳಿಯುತ್ತಿದ್ದೆ. ಆದರೆ ಅದೇ ಸಂಜೆ ನನ್ನ ಅಂಗಿಯ ಮೇಲೆ ಚಾ ಚೆಲ್ಲಿತು. ಚೆಲ್ಲಿದ ಚಾ ಒಳಗಿಳಿಯದೆ ಗುಂಡು ಗುಂಡಾಗಿ ಉರುಳಿ ನೆಲಕ್ಕೆ ಬಿತ್ತು. ಅಂಗಿಯ ಮೇಲೆ ಕಲೆಯ ಸುಳಿವಿಲ್ಲ! ಯಂತ್ರದ ಮುಂದೆ ನಿಂತಾಗ ತೊಟ್ಟಿದ್ದ ಬಿಳಿ ಅಂಗಿ ಅದು. ಆಮೇಲೆ ಮನೆಗೆ ಬಂದ ನೆಂಟರಿಗೆಲ್ಲ ನಾನೇ ಮೈಮೇಲೆ ಚಾ ಸುರಿದುಕೊಂಡು ತೋರಿಸಿದೆ. ಶೈಲಾ ಅದನ್ನು ತೊಳೆಯಲು ಬಕೆಟ್ಟಿನಲ್ಲಿ ಹಾಕಿದರೆ ಅದು ಮುಳುಗಲೊಲ್ಲದು. ಮದುವೆಗೆ ಹೊಸ ಅಂಗಿ ಹೊಲಿಸಿದ್ದರೂ, ಸುರಗಿಯ ದಿನ ಇದನ್ನೇ ತೊಡುವುದೆಂದು ನಿರ್ಧರಿಸಿದೆ. ಅರಿಸಿನದ ಓಕುಳಿಯಲ್ಲಿ ಎಲ್ಲರ ಬಟ್ಟೆ ಹಾಳಾದಾಗ ನಾನೊಬ್ಬನೇ ಬೆಳ್ಳಗೆ ಹೊಳೆಯಬೇಕೆಂಬ ಆಸೆ.

ಸುರಗಿಯೆಂದರೆ ನಮ್ಮ ಕಡೆ ಮದುವೆಯ ಮುಖ್ಯ ಶಾಸ್ತ್ರ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಮುತ್ತೈದೆಯರು ಎಣ್ಣೆ ಅರಿಸಿನ ಹಚ್ಚಿ ಎರೆಯುತ್ತಾರೆ. ಅದೇ ನೂಲನ್ನು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದು ಕಂಕಣ ಕಟ್ಟುತ್ತಾರೆ. ನೇಕಾರರ ಮನೆಯಲ್ಲಿ ಈ ನೂಲನ್ನು ಪೇಟೆಯಿಂದ ತರುವುದಿಲ್ಲ. ತಮ್ಮ ಶೆಡ್ಡಿನ ಹೊಸ ನೂಲಿನಲ್ಲೇ ಒಂದು ಲಡಿ ತೆಗೆದು, ಯಾರೂ ತುಳಿಯದಂತೆ, ಮೈಲಿಗೆಯಾಗದಂತೆ ಎತ್ತಿಡುತ್ತಾರೆ. ಬಾಳೆಎಲೆಯಲ್ಲಿ. ಕಟ್ಟೆಯ ಮೇಲೆ.

ಅಂದು ಬೆಳಿಗ್ಗೆ ಅಂಗಳ ತುಂಬ ಜನ. ನೀಲಾ ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಹುಡುಗ. ಇಬ್ಬರೂ ಕಣ್ಣಲ್ಲೇ ನಗುತ್ತಿದ್ದರು. ಎದುರಿಗೆ ಕುರ್ಚಿ ಹಾಕಿಸಿಕೊಂಡು, ಅದರ ತುಂಬ ಕೂತ ಬಸವ್ವ. ಎರೆದದ್ದಾಯಿತು, ಹಾಡಾಯಿತು. ಅತ್ತೆ ನೂಲು ಬಿಚ್ಚಿ ಅರಿಸಿನದ ಬಟ್ಟಲಲ್ಲಿ ಅದ್ದಿ ಮೇಲೆತ್ತಿದರು. ನೂಲು ಬೆಳ್ಳಗೇ ಇತ್ತು.

ಮತ್ತೆ ಅದ್ದಿದರು. ಅರಿಸಿನದ ನೀರು ಮುತ್ತಿನಂತೆ ಉರುಳಿ ಬಟ್ಟಲಿಗೆ ಬಿತ್ತು. ನೂಲು ಬೆಳ್ಳಗೆ. ಕೈಯಲ್ಲಿ ಅರಿಸಿನ ತಗೊಂಡು ತಿಕ್ಕಿದರು. ಕೈ ಹಳದಿ, ಬಟ್ಟಲು ಹಳದಿ, ಸೆರಗು ಹಳದಿ. ನೂಲು ಬೆಳ್ಳಗೆ.

"ಅರಿಷಿಣ ಹತ್ತವಲ್ದು," ಎಂದು ಅತ್ತೆ ಪಿಸುಗುಟ್ಟಿದರು. ಆ ಮನೆಯಲ್ಲಿ ಯಾರಾದರೂ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಾಡು ನಿಂತಿತು. ಎಲ್ಲರೂ ಬಸವ್ವನ ಕಡೆ ತಿರುಗಿದರು. ಈ ನಡುವೆ ನಾನು ಮಾಡಬಾರದ್ದನ್ನು ಮಾಡಿದೆ. ಬಟ್ಟಲಿನ ಮೇಲೆ ಬಗ್ಗಿ ನೋಡಿದೆ. ನೂಲಿನ ಮೇಲೆ ಹನಿ ನಿಂತ ರೀತಿ, ಆ ದುಂಡು, ನೂಲಿಗೆ ಅದು ತಾಗಿದ ಆ ಕೋನ! ನನ್ನ ಸಂಶೋಧನೆಯ ಕಾಲದಲ್ಲಿ ಎಷ್ಟು ಒದ್ದಾಡಿದರೂ ಅಂಥದ್ದೊಂದು ಹನಿ ಸಿಕ್ಕಿರಲಿಲ್ಲ.

"ಆಹಾ, ಎಂಥಾ ಛಲೋ ಬಂದೈತಿ," ಎಂದುಬಿಟ್ಟೆ.

ಅಂಗಳದಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಆ ನೋಟಗಳನ್ನು ತಡೆಯುವ ಪದರ ಇನ್ನೂ ತಯಾರಾಗಿಲ್ಲ.

ಬಸವ್ವ ಕುರ್ಚಿಯಿಂದ ನಿಧಾನ ಎದ್ದಳು. "ಸುರಗಿ ನೂಲಿಗೆ ಅರಿಷಿಣ ಹಿಡೀಲಿಲ್ಲ ಅಂದ್ರ ಕಂಕಣ ಕಟ್ಟೂದು ಹೆಂಗ್ರಿ ಬೀಗರ? ನಮ್ಮ ಹುಡುಗನ ಕೈಗೆ ಬಿಳಿ ನೂಲ ಕಟ್ಟೂದನು? ನಾ ವಿಚಾರ ಮಾಡಬೇಕಾಗ್ತೈತಿ," ಎಂದಳು. ಹುಡುಗ ಏನೋ ಹೇಳಲು ಬಾಯಿ ತೆರೆದ. "ನೀ ಸುಮ್ನ ಕೂಡು," ಎಂದಳು. ಮಾವ ಕಂಬಕ್ಕೆ ಒರಗಿ ನಿಂತರು. ನೀಲಾ ಅಳಲಿಲ್ಲ. ಬರೀ ನೆಲ ನೋಡುತ್ತ ಕೂತಳು, ಹೋದ ವರ್ಷ ಕೂತಂತೆಯೇ. ಬಾಳೆಎಲೆ, ಕಟ್ಟೆ, ಕ್ಯಾನು, ಬಿಸಿಲು, ಮೂರನೆಯ ಅಧ್ಯಾಯ, ಎಲ್ಲವೂ ಒಮ್ಮೆಲೇ ಕೂಡಿಬಂದವು.

ಆಗ ನಾನು ಹೇಳಬೇಕಾದದ್ದು ಇಷ್ಟೇ. 'ಇದು ನನ್ನ ತಪ್ಪು, ನೂಲಿನ ಮೇಲೆ ಔಷಧ ಚೆಲ್ಲಿದೆ.' ಆದರೆ ವೃತ್ತಿಯಿಂದ ಅಧ್ಯಾಪಕನಲ್ಲವೇ.

"ಅಮ್ಮಾರ, ಇದು ಅಪಶಕುನ ಅಲ್ರಿ, ಪಾಲಿಮರ್ರಿ," ಎಂದು ಆರಂಭಿಸಿದೆ. "ಸಿಲಿಕಾನು ಒಂದು ಮೂಲಧಾತು. ಅದಕ್ಕ ನಾಲ್ಕು ಕೈ. ಎರಡು ಕೈಲೆ ಆಮ್ಲಜನಕ ಹಿಡೀತೈತಿ. ಉಳದೆರಡು ಕೈ ಹೊರಗ ಚಾಚಿ ನೀರನ್ನ ದೂರ ತಳ್ತೈತಿ. ಅದು ಈಗ ಈ ನೂಲಿನ ಮ್ಯಾಲ ಕುಂತೈತಿ. ಕಣ್ಣಿಗೆ ಮಾತ್ರ ಕಾಣೂದಿಲ್ಲ."

ಬಸವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನಾಲ್ಕು ಕೈ ಐತಿ, ಕಣ್ಣಿಗೆ ಕಾಣೂದಿಲ್ಲ, ನೂಲಿನ ಮ್ಯಾಲ ಕುಂತೈತಿ. ಏ ತಮ್ಮಾ, ಗಾಡಿ ತರಸು," ಎಂದಳು. ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಬ್ಬಾಕೆ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿದಳು. ನಾನು ಇನ್ನಷ್ಟು ಸರಳವಾಗಿ ವಿವರಿಸಲು ಹೊರಟೆ. ಮಾವ ಮೊದಲ ಬಾರಿಗೆ ನನಗೆ ಕೈಮುಗಿದರು.

ಆಗ ಶೈಲಾ ಎದ್ದಳು. ಆಕೆ ಒಂದು ಕ್ಷಣ ನೂಲಿನ ಮೇಲಿನ ಹನಿಗಳನ್ನು ನೋಡಿದಳು. ಒಂದು ಕ್ಷಣ ನನ್ನ ಅಂಗಿಯನ್ನು ನೋಡಿದಳು. ಬಿಂದಿಗೆಯಲ್ಲಿದ್ದ ಅರಿಸಿನದ ನೀರನ್ನು ಎತ್ತಿ, ಅಷ್ಟೂ ಬೀಗರ ಎದುರಿಗೆ, ನನ್ನ ಎದೆಗೆ ಗುರಿಯಿಟ್ಟು ರಪ್ಪನೆ ಎರಚಿದಳು.

ನೀರು ನನ್ನಿಂದ ಉರುಳಿ ಕಾಲಬುಡಕ್ಕೆ ಬಿತ್ತು. ಅಂಗಿ ಬೆಳ್ಳಗೇ ಉಳಿಯಿತು.

"ನೋಡ್ರಿ ಅತ್ತಿಯಾರ," ಎಂದಳು ಬಸವ್ವನಿಗೆ. "ನೂಲಿಗೆ ಯಾವ ದೋಷಾನೂ ಇಲ್ಲ. ದೋಷ ಇರೋದು ನಮ್ಮ ಮನಿಯವರಿಗೆ. ಅಂಗಿಗೆ ಚೆಲ್ಲಿಕೊಂಡದ್ದನ್ನ ನೂಲಿಗೂ ಚೆಲ್ಯಾರ. ಖರೆ ಹೌದೋ ಅಲ್ಲೋ ಕೇಳ್ರಿ."

"ಹೌದ್ರಿ," ಎಂದೆ. ನನ್ನ ಅಧ್ಯಾಪನ ಜೀವನದ ಅತಿ ಚಿಕ್ಕ ಉಪನ್ಯಾಸ ಅದು. ತಿಳಿಯದವರು ಯಾರೂ ಇರಲಿಲ್ಲ.

ಬಸವ್ವ ಹತ್ತಿರ ಬಂದಳು. ಒಂದು ಚೊಂಬು ತಾನೇ ಎರಚಿದಳು. ನೀರು ಜಾರಿತು. ಬೆನ್ನು ತಿರುಗಿಸಲು ಹೇಳಿ ಹಿಂದಿನಿಂದ ಎರಚಿದಳು. ಜಾರಿತು. ಇನ್ನೂ ಸಂಶಯವೆಂದು ಮುಧೋಳದಿಂದ ಬಂದ ಹೆಂಗಸರನ್ನೆಲ್ಲ ಕರೆದಳು. ಅವರು ಸಾಲಾಗಿ ಬಂದು ಒಬ್ಬೊಬ್ಬರೇ ಪರೀಕ್ಷಿಸಿದರು. ಒಬ್ಬ ಅಜ್ಜಿ ಅಂಗಿ ಬಿಟ್ಟು ಮುಖಕ್ಕೇ ಎರಚಿದಳು. ಮುಖಕ್ಕೆ ಮಾತ್ರ ಅರಿಸಿನ ಚೆನ್ನಾಗಿ ಹಿಡಿಯಿತು. ಮೊದಲು ನಕ್ಕವಳು ನೀಲಾ. ಬಾಯಿ ಮುಚ್ಚಿ ತಡೆದಳು, ಆಗಲಿಲ್ಲ, ಮಣೆಯ ಮೇಲೆ ಕೂತಲ್ಲೇ ಬಿದ್ದು ಬಿದ್ದು ನಕ್ಕಳು. ಅವಳನ್ನು ನೋಡಿ ಹುಡುಗ, ಅವನನ್ನು ನೋಡಿ ಅಂಗಳ. ಕೊನೆಗೆ ಬಸವ್ವನ ಬಾಯಿಯ ಮೂಲೆಯೂ ಅಲುಗಿತು. ಆ ನಗು ಕೇಳಿ ನಿಜವಾಗಿಯೂ ನನ್ನ ಕಣ್ಣು ತುಂಬಿತು. ಕಣ್ಣೊಳಗೆ ಅರಿಸಿನ ಹೋಗಿ ಉರಿ ಎದ್ದಿತ್ತು ಎಂದು ಆಮೇಲೆ ಹೇಳಿದೆ.

ಅತ್ತೆ ಶೆಡ್ಡಿನ ಒಳಗಿನಿಂದ ಹೊಸ ಲಡಿ ತಂದರು. ಅದನ್ನು ಅದ್ದುವಾಗ ಅಂಗಳವೆಲ್ಲ ಬಟ್ಟಲಿನ ಮೇಲೆ ಬಗ್ಗಿತು. ನೂಲು ಹಳದಿಯಾಗಿ ಮೇಲೆ ಬಂತು.

ಬಸವ್ವ ಮದುವೆಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಇವರು ಸುರಗಿ, ತಾಳಿ, ಅಕ್ಕಿಕಾಳು, ಆರತಿ, ಯಾವುದರ ಹತ್ರಾನೂ ಬರಬಾರದು. ನಾನ ಕಾಯ್ತೀನಿ." ಮಾವ ನಾನಿರುವುದನ್ನೇ ಮರೆತವರಂತೆ ಕೂಡಲೇ ತಲೆಯಾಡಿಸಿದರು.

ಮರುದಿನ ಹಿರಿಯ ಅಳಿಯನಾಗಿ ಅಂತರಪಟ ಹಿಡಿಯಬೇಕಾದವನು ನಾನು. ಅದನ್ನು ಪಕ್ಕದ ಮನೆಯವರು ಹಿಡಿದರು. ಅಕ್ಷತೆ ಎಲ್ಲರಿಗೂ ಹಂಚಿದರು, ನನಗೆ ಬಿಟ್ಟರು. ಫೋಟೋಕ್ಕೆ ಮಾತ್ರ ಕರೆದರು. ಆ ಫೋಟೋ ಈಗ ಮಾವನ ಮನೆಯ ಗೋಡೆಯ ಮೇಲಿದೆ. ಒಂದು ಕಡೆ ನೀಲಾ ಮತ್ತು ಅವಳ ಗಂಡ, ಇನ್ನೊಂದು ಕಡೆ ಹಳದಿ ಮುಖದ ನಾನು, ನಡುವೆ ನನ್ನನ್ನೇ ನೋಡುತ್ತ ನಿಂತ ಬಸವ್ವ. ಸಂಶೋಧಕನಾಗಿ ನಾನು ಒಪ್ಪಲೇಬೇಕು. ಏನನ್ನೂ ದಾಟಗೊಡದ ಇಷ್ಟು ಪರಿಪೂರ್ಣವಾದ ನಿರೋಧಕವನ್ನು ನಾನು ಯಾವ ಪ್ರಯೋಗಾಲಯದಲ್ಲೂ ತಯಾರಿಸಲಾರೆ. ತೆಳುವಾಗಿರಬೇಕೆಂಬ ನಿಯಮವೊಂದನ್ನು ಬಿಟ್ಟುಕೊಡಬೇಕು, ಅಷ್ಟೇ.